ಕಾರು ಮಾರಿದ ಮೇಲೆ ಕಂಡ ಊರು

ರಾಜ್ಯ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಕಾಲೇಜಿನ ಬೇವಿನ ಮರದ ನೆರಳು ಸಾಲದಾಗಿದೆ. ಮೊದಲು ಅದರ ಕೆಳಗೆ ಎರಡು ಕಾರುಗಳು ನಿಲ್ಲುತ್ತಿದ್ದವು. ಈಗ ಆರು ನಿಲ್ಲುತ್ತವೆ. ಏಳನೆಯದು ನನ್ನದಾಗಬೇಕೆಂಬುದು ಸಹೋದ್ಯೋಗಿಗಳ ಪ್ರೀತಿಯ ಒತ್ತಾಯ. ‘ಇನ್ನ ಎಷ್ಟ ದಿನಾ ಸೈಕಲ್ ತುಳೀತೀರಿ ಸರ? ರಿಟೈರ್ ಆಗಾಕ ಬಂದೀರಿ. ಈಗಲ್ಲದ ಮತ್ತ ಯಾವಾಗ ಕಾರ್ ತಗೋತೀರಿ?’ ಎಂದು ಅವರು ಕೇಳುವುದರಲ್ಲಿ ಕುಹಕವಿಲ್ಲ, ಕಳಕಳಿಯೇ ಇದೆ. ನಾನು ನಕ್ಕು ಸುಮ್ಮನಾಗುತ್ತೇನೆ. ಕಾರಿಲ್ಲದವನೆಂದರೆ ಕಾರು ಕೊಳ್ಳಲಾಗದವನು ಎಂಬುದು ನಮ್ಮ ಕಡೆಯ ಸರಳ ವ್ಯಾಖ್ಯಾನ. ಕೊಳ್ಳುವ ಶಕ್ತಿಯಿದ್ದೂ ಕೊಳ್ಳದವನು ಒಂದೋ ಜಿಪುಣ, ಇಲ್ಲವೇ ತಿಕ್ಕಲ. ಮೂರನೆಯ ಸಾಧ್ಯತೆಯನ್ನು ಯಾರೂ ಯೋಚಿಸುವುದಿಲ್ಲ.

ನಿಜ ಹೇಳಬೇಕೆಂದರೆ ನನ್ನ ಬಳಿಯೂ ಒಂದು ಕಾರಿತ್ತು. ಅದನ್ನು ಮಾರಿ ಹನ್ನೆರಡು ವರ್ಷಗಳ ಮೇಲಾಯಿತು. ಏಕೆ ಮಾರಿದೆ ಎಂಬುದನ್ನು ಇದುವರೆಗೆ ಬಹಿರಂಗವಾಗಿ ಹೇಳಿಕೊಂಡಿಲ್ಲ. ಈಗ ಹೇಳುವ ಹೊತ್ತು ಬಂದಿದೆ ಎನ್ನಿಸುತ್ತಿದೆ.

ನಾನು ಅರ್ಥಶಾಸ್ತ್ರದ ಉಪನ್ಯಾಸಕ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರುಗಳಲ್ಲಿ ವರ್ಗವಾಗುತ್ತ ಬದುಕಿದವನು. ಹಳೆಯ ಲೆಕ್ಕದಲ್ಲಿ, ವಿಜಯಪುರ ತಾಲ್ಲೂಕನ್ನು ಬಿಟ್ಟರೆ ಇಡೀ ಜಿಲ್ಲೆಯೆಂದರೆ ಈ ನಾಲ್ಕೇ ತಾಲ್ಲೂಕುಗಳು. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಪ್ರತ್ಯೇಕ ತಾಲ್ಲೂಕುಗಳಾದದ್ದು ಇತ್ತೀಚೆಗೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಕಣ್ಣು ಹರಿಯುವಷ್ಟು ದೂರ ಎರೆಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಈ ಮಣ್ಣಿನ ಮೇಲೆ ಜೋಳ ಚೆನ್ನಾಗಿ ಬೆಳೆಯುತ್ತದೆ, ಡಾಂಬರು ಮಾತ್ರ ಬಾಳುವುದಿಲ್ಲ.

ಇಲ್ಲಿ ಊರಿಂದೂರಿಗೆ ದೂರ ಹೆಚ್ಚು. ವಿಜಯಪುರದಿಂದ ಸಿಂದಗಿಗೆ ಸುಮಾರು 60 ಕಿ.ಮೀ., ಮುದ್ದೇಬಿಹಾಳಕ್ಕೆ ಸುಮಾರು 80 ಕಿ.ಮೀ. 1876–78ರ ಭೀಕರ ಬರದ ಬಳಿಕ, ಬರಗಾಲದಲ್ಲಿ ಧಾನ್ಯ ಸಾಗಿಸಲು ನೆರವಾಗಲೆಂದು ಹಾಕಿದ ಹೋಟಗಿ–ಗದಗ ರೈಲುಮಾರ್ಗ 1884ರಲ್ಲಿ ಆರಂಭವಾಯಿತು. ಆ ಮಾರ್ಗದಲ್ಲಿ ‘ಇಂಡಿ ರೋಡ್’ ಎಂಬ ನಿಲ್ದಾಣವಿದೆ, ‘ಬಸವನ ಬಾಗೇವಾಡಿ ರೋಡ್’ ಎಂಬ ನಿಲ್ದಾಣವೂ ಇದೆ. ಊರು ದೂರವಿದೆ, ಇಲ್ಲಿರುವುದು ಊರಿಗೆ ಹೋಗುವ ರಸ್ತೆಯಷ್ಟೇ ಎಂದು ಆ ಹೆಸರುಗಳೇ ಒಪ್ಪಿಕೊಂಡುಬಿಟ್ಟಿವೆ. ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗೆ ಅಷ್ಟೂ ಇಲ್ಲ. ಹೀಗಾಗಿ ಇಲ್ಲಿಯ ಜನರ ನಿಜವಾದ ರೈಲು ಎಂದರೆ ಸರ್ಕಾರಿ ಬಸ್ಸು. 2000ದಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ಸಂಸ್ಥೆಯಾಗಿ ಹುಟ್ಟಿ, 2021ರಲ್ಲಿ ಕಲ್ಯಾಣ ಕರ್ನಾಟಕದ ಹೆಸರು ಪಡೆದ ನಿಗಮಕ್ಕೆ ಈ ನಾಲ್ಕೂ ಊರುಗಳಲ್ಲಿ ಘಟಕಗಳಿವೆ. ಬಸ್ಸು ತಲುಪದ ಕಡೆಗೆ ಟಂಟಂ, ಕ್ರೂಸರ್‌ಗಳಿವೆ. ಅವೂ ಇಲ್ಲದ ಕಡೆಗೆ ಬೈಕು, ಟ್ರ್ಯಾಕ್ಟರ್, ಕಾಲು.

ಇಂಥ ಕಡೆ ಬೆಂಗಳೂರಿನ ಮಾತನ್ನು ತಂದು ‘ಕಾರು ಬಿಡಿ, ಮೆಟ್ರೊ ಹತ್ತಿ’ ಎಂದರೆ ನಗೆಪಾಟಲಾಗುತ್ತದೆ. ಹಾಗಾಗಿಯೇ 2008ರಲ್ಲಿ ಹಳೆಯದೊಂದು ಮಾರುತಿ 800 ಕೊಂಡಾಗ ನನಗೆ ಯಾವ ಅಳುಕೂ ಇರಲಿಲ್ಲ. ಎರಡು ಮನೆ, ವಯಸ್ಸಾದ ತಂದೆ–ತಾಯಿ, ಸಣ್ಣ ಮಗಳು. ಕಾರು ನಮಗೆ ಬಹಳ ಸುಖ ಕೊಟ್ಟಿತು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಸಜ್ಜೆ ರೊಟ್ಟಿಯ ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕದಲ್ಲೇ ಕೂರಿಸುತ್ತಿದ್ದೆವು. ಆ ಸುಖವನ್ನು ಸುಳ್ಳೆಂದು ಹೇಳಲಾರೆ.

2011ರ ಚಳಿಗಾಲದ ಒಂದು ಸಂಜೆ, ಏಳು ಗಂಟೆಯ ಸುಮಾರು. ಕಬ್ಬಿನ ಹಂಗಾಮು. ನಾನೊಬ್ಬನೇ ಊರಿಗೆ ಮರಳುತ್ತಿದ್ದೆ. ಅದು ಈ ನಾಲ್ಕರಲ್ಲಿ ಯಾವ ಊರು ಎಂದು ಹೇಳುವುದಿಲ್ಲ. ಹುಡುಗನ ಗುರುತು ಹೊರಗೆ ಬರುವುದು ಬೇಡ. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ರಾಚಿತು. ಕಾರಿನ ವೇಗ ಅರವತ್ತರ ಆಸುಪಾಸಿನಲ್ಲಿತ್ತು. ಬೆಳಕು ಸರಿದಾಗ ಮುಂದೆ ಒಂದು ಸೈಕಲ್ ಇತ್ತು. ಬ್ರೇಕ್ ಒತ್ತಿದೆ. ಸದ್ದು ದೊಡ್ಡದಾಗೇನೂ ಇರಲಿಲ್ಲ.

ಹುಡುಗ ಎಂಟನೆಯ ತರಗತಿಯವನು. ಸೈಕಲ್ ಶಾಲೆಯಲ್ಲಿ ಕೊಟ್ಟದ್ದು. 2006–07ರಿಂದ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚುತ್ತಿದ್ದ ಸೈಕಲ್ಲುಗಳಲ್ಲಿ ಅದೂ ಒಂದು. ಅವನ ಬಲಗಾಲು ಮುರಿದಿತ್ತು. ಅದೇ ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಮುಂಗಾಜು ಸ್ವಲ್ಪ ಸೀಳಿದ್ದನ್ನು ಬಿಟ್ಟರೆ ಕಾರಿಗೆ ಏನೂ ಆಗಿರಲಿಲ್ಲ, ನನಗಂತೂ ತರಚು ಗಾಯವೂ ಇರಲಿಲ್ಲ. ರಾತ್ರಿ ಹತ್ತು ಗಂಟೆಗೆ ಹುಡುಗನ ತಂದೆ ಬಂದರು. ಕೂಲಿಕಾರರು. ಹೊಲದಿಂದ ನೇರ ಬಂದಿದ್ದರು. ನಾನು ಮಾತು ಹುಡುಕುತ್ತಿದ್ದಾಗ ಅವರೇ ಕೈ ಮುಗಿದರು. ‘ನಿಮ್ದೇನ ತಪ್ಪಿಲ್ರಿ ಸರ. ಕತ್ತಲಿತ್ತು. ಇಂವಾ ಹಾದಿ ನೋಡ್ಕೊಂಡ ಹೋಗಬೇಕಾಗಿತ್ತು’ ಎಂದರು. ದೂರು ಕೊಡುವುದು ಬೇಡವೆಂದು ಹೇಳಿದವರೂ ಅವರೇ. ಕೊಡಿ ಎಂದು ನಾನು ಹೇಳಲಿಲ್ಲ. ಚಿಕಿತ್ಸೆಯ ಖರ್ಚು ಭರಿಸಿದೆ, ಹೊಸ ಸೈಕಲ್ ಕೊಡಿಸಿದೆ, ಮನೆಗೆ ಬಂದು ಪಾರಾದೆನೆಂದು ಉಸಿರು ಬಿಟ್ಟೆ. ಆ ಉಸಿರು ಇವತ್ತಿಗೂ ನನಗೆ ನಾಚಿಕೆ ತರುತ್ತದೆ.

ಆ ಮಾತನ್ನು ನಾನು ಎಷ್ಟು ಬಾರಿ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಅರ್ಧ ಟನ್ನಿಗೂ ಮೀರಿದ ಕಬ್ಬಿಣವನ್ನು ರಸ್ತೆಗೆ ತಂದವನು ನಾನು. ರಸ್ತೆ ಕಾಣದಾದಾಗಲೂ ವೇಗ ತಗ್ಗಿಸದವನು ನಾನು. ಆದರೆ ನೋಡಿಕೊಂಡು ಹೋಗಬೇಕಾದವನು ಮಾತ್ರ ಸೈಕಲ್ಲಿನ ಹುಡುಗ! ಕಾರಿನವರು ಓದಿದವರು, ‘ಸರ’ ಅನ್ನಿಸಿಕೊಳ್ಳುವವರು. ನಡೆಯುವವರು, ಸೈಕಲ್ ತುಳಿಯುವವರು ಕೈಮುಗಿಯುವವರು. ರಸ್ತೆ ಯಾರದು ಎಂಬ ಪ್ರಶ್ನೆಗೆ ನಮ್ಮ ಸಮಾಜ ಮೊದಲೇ ಉತ್ತರ ಬರೆದಿಟ್ಟಿದೆ. ಆ ತಂದೆ ಅದನ್ನು ಓದಿ ಹೇಳಿದರು, ಅಷ್ಟೆ.

ಅಂಕಿಅಂಶಗಳು ಈ ಉತ್ತರದ ಬೆಲೆಯನ್ನು ಹೇಳುತ್ತವೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನ ಸವಾರರು, ಶೇ 19.5ರಷ್ಟು ಪಾದಚಾರಿಗಳು. ಕಾರಿನಂಥ ಲಘು ವಾಹನಗಳೊಳಗೆ ಕುಳಿತು ಸತ್ತವರು ಶೇ 12.5. ಬಸ್ಸಿನೊಳಗೆ ಸತ್ತವರು ಶೇ 3ಕ್ಕಿಂತ ಕಡಿಮೆ. ವೇಗದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇನ್ನೂ ಕಠೋರ: ಕಾರಿನ ವೇಗ ಗಂಟೆಗೆ 50 ಕಿ.ಮೀ.ನಿಂದ 65ಕ್ಕೆ ಏರಿದರೆ ಅದಕ್ಕೆ ಸಿಕ್ಕ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ. ಆ ಸಂಜೆ ನಾನು ಈ ಎರಡು ಸಂಖ್ಯೆಗಳ ನಡುವೆ ಇದ್ದೆ.

ಕಾರಿನೊಳಗಿನವರಾದರೂ ಸುರಕ್ಷಿತರೇ? 2024ರ ಡಿಸೆಂಬರ್‌ನಲ್ಲಿ ತಾಳಿಕೋಟೆ ಸಮೀಪದ ಬಿಳೇಭಾವಿ ಕ್ರಾಸ್ ಬಳಿ ಬೆಳೆ ಕಟಾವು ಯಂತ್ರಕ್ಕೆ ಕಾರು ಡಿಕ್ಕಿಯಾಗಿ ಐವರು ತೀರಿಕೊಂಡರು. ಅದೇ ತಿಂಗಳು ನೆಲಮಂಗಲದ ಬಳಿ ಕಂಟೇನರ್ ಲಾರಿ ಮೇಲೆ ಉರುಳಿ, ಅತ್ಯಂತ ಸುರಕ್ಷಿತವೆಂದು ಹೆಸರಾದ ಕಾರಿನಲ್ಲಿದ್ದ ಒಂದೇ ಕುಟುಂಬದ ಆರು ಜನ ಅಸುನೀಗಿದರು. 2025ರ ಮೇ ತಿಂಗಳಲ್ಲಿ ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿ ಬಳಿ ಕಾರು ರಸ್ತೆ ವಿಭಜಕ ದಾಟಿ ಎದುರಿನ ಬಸ್ಸಿಗೆ ಅಪ್ಪಳಿಸಿ ಆರು ಜೀವಗಳು ಹೋದವು. ಅದು ಚತುಷ್ಪಥ ಹೆದ್ದಾರಿ. ರಸ್ತೆ ಅಗಲವಾದರೆ ಸಾವು ಕಡಿಮೆಯಾಗುತ್ತದೆಂದು ನಾವು ನಂಬಿದ್ದೆವು. ಆದರೆ ರಸ್ತೆ ಅಗಲವಾದಂತೆ ವೇಗವೂ ಹೆಚ್ಚಿತು.

2012ರಲ್ಲಿ ಕಾರು ಮಾರಿದೆ. ಪರಿಸರದ ಕಾಳಜಿಯಿಂದ ಮಾರಿದೆ ಎಂದರೆ ಸುಳ್ಳಾಗುತ್ತದೆ. ಭಯದಿಂದ ಮಾರಿದೆ. ಸ್ಟೀರಿಂಗ್ ಹಿಡಿದಾಗಲೆಲ್ಲ ಆ ಸಣ್ಣ ಸದ್ದು ಕೇಳುತ್ತಿತ್ತು. ಮನೆಯಲ್ಲಿ ಜಗಳವಾಯಿತು. ‘ನಿಮ್ಮ ಮನಸ್ಸಿನ ಸಮಾಧಾನಕ್ಕ ನಾವೆಲ್ಲಾ ಬಿಸಲಾಗ ನಿಂದರಬೇಕೇನ್ರಿ?’ ಎಂದು ಪತ್ನಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನನ್ನಲ್ಲಿರಲಿಲ್ಲ. ಸೈಕಲ್ ಕೊಂಡೆ, ಬಸ್ಸಿಗೆ ನಿಲ್ಲತೊಡಗಿದೆ.

ಉತ್ತರ ದೊರೆತದ್ದು ಬಸ್ ನಿಲ್ದಾಣದಲ್ಲಿ.

ದ್ವಿತೀಯ ಪಿಯುಸಿಯ ಮಕ್ಕಳಿಗೆ ನಾನು ಸಂಜೆ ನಾಲ್ಕೂವರೆಗೆ ವಿಶೇಷ ತರಗತಿ ತೆಗೆದುಕೊಳ್ಳುತ್ತಿದ್ದೆ. ಅದಕ್ಕೆ ಸಂಬಳವಿಲ್ಲ, ಪುಣ್ಯದ ಕೆಲಸವೆಂಬ ಹೆಮ್ಮೆ ಇತ್ತು. ಆ ತರಗತಿಗೆ ಹಳ್ಳಿಯ ಹುಡುಗಿಯರು ಬರುತ್ತಲೇ ಇರಲಿಲ್ಲ. ಕೊನೆಯ ಪಿರಿಯಡ್ಡಿನಲ್ಲೂ ಅವರ ಬೆಂಚುಗಳು ಅರ್ಧ ಖಾಲಿಯಾಗುತ್ತಿದ್ದವು. ನಾನು ಗದರಿದ್ದೆ. ‘ನಿಮಗ ಓದೋ ಹಂಬಲ ಇಲ್ಲ’ ಎಂದು ಎಲ್ಲರೆದುರು ಹೇಳಿದ್ದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದರು. ಕಾರು ಮಾರಿದ ಎರಡನೆಯ ವಾರ, ಮಧ್ಯಾಹ್ನವೇ ಊರಿಗೆ ಹೊರಟು ನಿಲ್ದಾಣಕ್ಕೆ ಬಂದಾಗ ಆ ಹುಡುಗಿಯರೆಲ್ಲ ಅಲ್ಲಿದ್ದರು. ಅವರ ಊರಿನ ಕೊನೆಯ ಬಸ್ಸು ಹೊರಡುತ್ತಿದ್ದದ್ದು ನಾಲ್ಕು ಗಂಟೆಗೆ. ಅದು ತಪ್ಪಿದರೆ ಮರುದಿನದಿಂದ ಕಾಲೇಜೇ ಇಲ್ಲ. ಕತ್ತಲಾದ ಮೇಲೆ ಮನೆಗೆ ಬರುವ ಮಗಳನ್ನು ಮತ್ತೆ ಓದಲು ಕಳಿಸುವ ತಂದೆ–ತಾಯಿ ಆ ಕಾಲಕ್ಕೆ ವಿರಳ. ಮೂರು ವರ್ಷ ಅದೇ ಊರಿನಲ್ಲಿ ಪಾಠ ಮಾಡಿದ ನನಗೆ ಕೊನೆಯ ಬಸ್ಸಿನ ಹೊತ್ತು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ನನ್ನ ಬಳಿ ಕಾರಿತ್ತು.

ವಿಶೇಷ ತರಗತಿಯನ್ನು ಬೆಳಿಗ್ಗೆಗೆ ಬದಲಿಸಿದೆವು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸಂಜೆ ಇನ್ನೊಂದು ಬಸ್ಸು ಬೇಕೆಂದು ಉಪನ್ಯಾಸಕರೆಲ್ಲ ಸಹಿ ಮಾಡಿ ಅರ್ಜಿ ಕೊಟ್ಟೆವು. ಕೆಲವು ತಿಂಗಳ ಓಡಾಟದ ಬಳಿಕ ಐದೂವರೆಗೆ ಒಂದು ಬಸ್ಸು ಬಂತು. ಹಳ್ಳಿಯವರು ಅದೇ ಬಸ್ಸನ್ನು ವರ್ಷಗಳಿಂದ ಬಾಯಿಮಾತಿನಲ್ಲಿ ಕೇಳುತ್ತಿದ್ದರಂತೆ. ನಾವು ಕೊಟ್ಟದ್ದು ಎಂಟು ಸಾಲಿನ ಒಂದು ಕಾಗದ, ಅದರ ಕೆಳಗೆ ಒಂದು ಮೊಹರು.

ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಇದೇ. ಒಬ್ಬ ಉಪನ್ಯಾಸಕ ಕಾರು ಕೊಂಡರೆ ಬಸ್ಸಿಗೆ ಒಬ್ಬ ಪ್ರಯಾಣಿಕ ಕಡಿಮೆಯಾಗುತ್ತಾನೆ, ಅದು ದೊಡ್ಡ ನಷ್ಟವಲ್ಲ. ಆದರೆ ಅರ್ಜಿ ಬರೆಯಬಲ್ಲವನೊಬ್ಬ ಕಡಿಮೆಯಾಗುತ್ತಾನೆ. ಡಾಕ್ಟರು, ವಕೀಲರು, ಬ್ಯಾಂಕಿನವರು, ತಹಶೀಲ್ದಾರ್ ಕಚೇರಿಯವರು, ಪತ್ರಕರ್ತರು ಒಬ್ಬೊಬ್ಬರಾಗಿ ಬಸ್ಸಿನಿಂದ ಇಳಿದುಹೋದರು. ಅವರೊಂದಿಗೆ ಬಸ್ಸಿನ ದನಿಯೂ ಇಳಿದುಹೋಯಿತು. ಸರ್ಕಾರಿ ಶಾಲೆಯಿಂದ ನಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗಿ ಆಮೇಲೆ ಸರ್ಕಾರಿ ಶಾಲೆ ಕೆಟ್ಟಿತೆಂದು ಮರುಗಿದೆವಲ್ಲ, ಇದೂ ಅದೇ ಕಥೆ. ಈ ನಾಲ್ಕು ತಾಲ್ಲೂಕುಗಳ ಬಹುಪಾಲು ಜನ ಕಾರಿಲ್ಲದೆಯೇ ಬದುಕುತ್ತಿದ್ದಾರೆ. ಅವರದು ವ್ರತವಲ್ಲ, ಅನಿವಾರ್ಯ. ಆಯ್ಕೆಯಿದ್ದವರಲ್ಲಿ ಒಂದಿಷ್ಟು ಜನ ಅವರೊಡನೆ ಉಳಿದರೆ ಆ ಅನಿವಾರ್ಯವು ಸ್ವಲ್ಪವಾದರೂ ಸಹನೀಯವಾದೀತು.

ಪರಿಸರದ ಮಾತು ನನ್ನ ಮನಸ್ಸಿಗೆ ಬಂದದ್ದು ಇದರ ಬಳಿಕ. ಲೆಕ್ಕ ಸರಳ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡುವ, ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಿಂದ ಒಂದೂವರೆ ಟನ್. ಸಿಂದಗಿಯಿಂದ ವಿಜಯಪುರಕ್ಕೆ ಒಬ್ಬನೇ ಕಾರಿನಲ್ಲಿ ಹೋದರೆ ನಾಲ್ಕು ಲೀಟರ್ ಬೇಕು. ಲೀಟರಿಗೆ ಐದು ಕಿ.ಮೀ. ಓಡುವ ಬಸ್ಸಿನಲ್ಲಿ ಐವತ್ತು ಜನ ಕುಳಿತರೆ ತಲೆಗೆ ಕಾಲು ಲೀಟರ್ ಡೀಸೆಲ್. ನನ್ನೊಬ್ಬನ ಒಂದೂವರೆ ಟನ್ನಿನಿಂದ ಭೀಮೆಗೆ ಪ್ರವಾಹ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಆದರೂ 2020ರ ಅಕ್ಟೋಬರಿನಲ್ಲಿ ಭೀಮಾ ತೀರದ ಇಂಡಿ, ಸಿಂದಗಿ ಸೀಮೆಯ ಹೊಲಗಳು ಮುಳುಗಿದ್ದನ್ನು, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದದ್ದನ್ನು ಕಂಡವನಿಗೆ, ಹವಾಮಾನ ಎಂಬುದು ದೂರದ ಸಮ್ಮೇಳನಗಳ ವಿಷಯವಾಗಿ ಉಳಿಯುವುದಿಲ್ಲ. ಹೆಚ್ಚು ಉರಿಸಿದವರ ಲೆಕ್ಕವನ್ನು ಏನನ್ನೂ ಉರಿಸದವರ ಹೊಲ ತೀರಿಸುತ್ತದೆ. ರಸ್ತೆಯ ಮೇಲಿನ ನ್ಯಾಯವೇ ಆಕಾಶದಲ್ಲೂ ನಡೆದಿದೆ.

‘ಹಾಗಾದರೆ ವಿದ್ಯುತ್ ಕಾರು ತೆಗೆದುಕೊಳ್ಳಿ’ ಎನ್ನುತ್ತಾರೆ ಯುವ ಸಹೋದ್ಯೋಗಿಗಳು. ಆ ಕಾರು ನಮ್ಮ ಓಣಿಯಲ್ಲಿ ಹೊಗೆ ಬಿಡುವುದಿಲ್ಲ ಎಂಬುದು ನಿಜ. ಆದರೆ ಅವಿಭಜಿತ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವಿದೆ. ಅದು ಉರಿಸುವುದು ಕಲ್ಲಿದ್ದಲನ್ನು. 2014ರಲ್ಲಿ ಅದರ ವಿರುದ್ಧ ಸುತ್ತಲಿನ ರೈತರು ಹೋರಾಡಿದಾಗ ಗೋಲಿಬಾರ್ ಕೂಡ ಆಯಿತು. ದೂರದ ನಗರದವರಿಗೆ ವಿದ್ಯುತ್ ಎಂದರೆ ಗೋಡೆಯಲ್ಲಿನ ಎರಡು ರಂಧ್ರ. ನಮಗೆ ಅದರ ಚಿಮಣಿ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಗಾಳಿ, ಬಿಸಿಲಿನ ವಿದ್ಯುತ್ ಹೆಚ್ಚಿದಂತೆ ಈ ಮಾತು ಬದಲಾದೀತು, ಬದಲಾಗಲಿ. ಆದರೆ ಸೈಕಲ್ಲಿನ ಹುಡುಗನಿಗೆ ಬಡಿಯುವ ಕಾರು ಪೆಟ್ರೋಲಿನದೋ ಬ್ಯಾಟರಿಯದೋ ಎಂಬುದರಿಂದ ಯಾವ ವ್ಯತ್ಯಾಸವೂ ಆಗದು.

ಅರ್ಥಶಾಸ್ತ್ರದ ಮೇಷ್ಟ್ರಾದ್ದರಿಂದ ಇನ್ನೊಂದು ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಇವಾನ್ ಇಲಿಚ್ ಎಂಬ ಚಿಂತಕ 1974ರಲ್ಲಿ ಪ್ರಕಟಿಸಿದ ‘ಎನರ್ಜಿ ಆ್ಯಂಡ್ ಈಕ್ವಿಟಿ’ ಎಂಬ ಪುಸ್ತಕದಲ್ಲಿ, ಅಮೆರಿಕದವನೊಬ್ಬ ಕಾರು ಓಡಿಸಲು ಮತ್ತು ಕಾರಿನ ಖರ್ಚು ಗಳಿಸಲು ವ್ಯಯಿಸುವ ಹೊತ್ತನ್ನೆಲ್ಲ ಕೂಡಿಸಿ, ಅವನ ನಿಜವಾದ ವೇಗ ಗಂಟೆಗೆ ಐದು ಮೈಲಿಗಿಂತ ಕಡಿಮೆ ಎಂದು ತೋರಿಸಿದ. ಇದೇ ಲೆಕ್ಕವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ನಮ್ಮ ಅಂಕಿಗಳಿಂದ ಮಾಡಿಸುತ್ತೇನೆ. ಎಂಟು ಲಕ್ಷದ ಸಾಲ, ಶೇ 9 ಬಡ್ಡಿ, ಏಳು ವರ್ಷ: ತಿಂಗಳಿಗೆ ಸುಮಾರು 13 ಸಾವಿರ ರೂಪಾಯಿ ಕಂತು. ಪೆಟ್ರೋಲ್, ವಿಮೆ, ದುರಸ್ತಿ ಸೇರಿಸಿದರೆ ವರ್ಷಕ್ಕೆ ಎರಡೂವರೆ ಲಕ್ಷ ದಾಟುತ್ತದೆ. ಗಂಟೆಗೆ 450 ರೂಪಾಯಿ ದುಡಿಯುವವನು ಇದಕ್ಕಾಗಿ ಸುಮಾರು 570 ಗಂಟೆ ದುಡಿಯಬೇಕು. ಹತ್ತು ಸಾವಿರ ಕಿ.ಮೀ. ಓಡಿಸಲು 250 ಗಂಟೆ. ಭಾಗಿಸಿದರೆ ಗಂಟೆಗೆ 12 ಕಿ.ಮೀ. ಬರುತ್ತದೆ. ನನ್ನ ಸೈಕಲ್ಲಿನ ವೇಗವೂ ಅಷ್ಟೇ. ಮಕ್ಕಳು ಗೊಳ್ಳನೆ ನಗುತ್ತಾರೆ. ನಕ್ಕು ಮುಗಿದ ಮೇಲೆ ಅವರಲ್ಲೊಬ್ಬ ‘ಆದ್ರೂ ಕಾರಿನ್ಯಾಗ ಎ.ಸಿ. ಇರ್ತದಲ್ರಿ ಸರ’ ಎನ್ನುತ್ತಾನೆ. ನಲವತ್ತು ದಾಟುವ ನಮ್ಮ ಬೇಸಿಗೆಯಲ್ಲಿ ಆ ಮಾತನ್ನು ತಳ್ಳಿಹಾಕುವುದು ಕಷ್ಟ.

ಕಾರಿಲ್ಲದ ಬದುಕನ್ನು ಬಣ್ಣ ಕಟ್ಟಿ ಹೇಳುವ ಉದ್ದೇಶ ನನಗಿಲ್ಲ. 2016ರ ಒಂದು ಮಧ್ಯರಾತ್ರಿ ತಂದೆಗೆ ಎದೆನೋವು ಬಂತು. ಅವರನ್ನು ವಿಜಯಪುರದ ಆಸ್ಪತ್ರೆಗೆ ಮುಟ್ಟಿಸಿದ್ದು ಪಕ್ಕದ ಮನೆಯವರ ಕಾರು. ಕದ ಬಡಿದ ಐದೇ ನಿಮಿಷಕ್ಕೆ ಅವರು ಕೀಲಿಕೈ ಹಿಡಿದು ಹೊರಬಂದರು. ತಂದೆ ಮತ್ತೆ ನಾಲ್ಕು ವರ್ಷ ಬದುಕಿದರು. ಆ ರಾತ್ರಿ ಅವರ ಬಳಿಯೂ ಕಾರಿಲ್ಲದಿದ್ದರೆ? ಈ ಪ್ರಶ್ನೆ ನನ್ನ ಹೆಮ್ಮೆಯನ್ನು ಹದ್ದಿನಲ್ಲಿಡುತ್ತದೆ. ನಾನು ಕಾರಿಲ್ಲದೆ ಬದುಕುತ್ತಿದ್ದೇನೆ ಎನ್ನುವುದಕ್ಕಿಂತ, ಸ್ವಂತ ಕಾರಿಲ್ಲದೆ, ಬೇಕಾದಾಗ ಇನ್ನೊಬ್ಬರ ಕಾರನ್ನು ಕೇಳಿ, ಬಾಡಿಗೆ ಕೊಟ್ಟು ಬದುಕುತ್ತಿದ್ದೇನೆ ಎನ್ನುವುದು ಹೆಚ್ಚು ಪ್ರಾಮಾಣಿಕ. ವೈದ್ಯರಿಗೆ, ಅಂಗವಿಕಲರಿಗೆ, ವೃದ್ಧರಿರುವ ಮನೆಗಳಿಗೆ ಕಾರು ಬೇಕು. ಆದರೆ ಒಂದು ಓಣಿಗೆ ಇಪ್ಪತ್ತು ಕಾರು ಬೇಕೇ? ಎಳ್ಳ ಅಮಾವಾಸ್ಯೆಗೊಮ್ಮೆ, ಆಸ್ಪತ್ರೆಗೊಮ್ಮೆ, ಮದುವೆಗೊಮ್ಮೆ ಬೇಕಾಗುವುದನ್ನು ಮನೆಮನೆಯಲ್ಲಿ ಕಟ್ಟಿಕೊಳ್ಳಬೇಕೇ?

ನಡೆಯುವುದು ನಮಗೆ ಹೊಸತಲ್ಲ. ಯುಗಾದಿಯ ಮುಂಚೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ಹೊರಡುವ ಜನ ನಮ್ಮ ಊರುಗಳಲ್ಲಿ ಇಂದಿಗೂ ಸಾವಿರಾರು. ನೂರಾರು ಕಿ.ಮೀ. ನಡೆದು ಬಂದ ಅದೇ ಭಕ್ತರು ಮರುವಾರ ಅರ್ಧ ಕಿ.ಮೀ. ದೂರದ ಸಂತೆಗೆ ಬೈಕ್ ತೆಗೆಯುತ್ತಾರೆ. ದೇವರಿಗಾಗಿ ನಡೆದರೆ ಭಕ್ತಿ, ತರಕಾರಿಗಾಗಿ ನಡೆದರೆ ಬಡತನ! ಜಂಗಮವೆಂಬ ಮಾತಿಗೆ ಅಷ್ಟು ದೊಡ್ಡ ಅರ್ಥ ಕೊಟ್ಟ ಬಸವಣ್ಣನವರು ಹುಟ್ಟಿದ ಊರಿನ ಬೀದಿಯಲ್ಲೂ ನಡೆಯುವವರಿಗೆ ಮರ್ಯಾದೆ ಕಡಿಮೆ.

ಮನಸ್ಸು ಬದಲಾಗುವುದು ಅಸಾಧ್ಯವೇ? ಸೈಕಲ್ಲಿನ ಸ್ವರ್ಗವೆಂದು ಇಂದು ಹೆಸರಾದ ನೆದರ್ಲೆಂಡ್ಸ್‌ನಲ್ಲಿ 1971ರ ಒಂದೇ ವರ್ಷ ಸುಮಾರು 3,300 ಜನ ರಸ್ತೆಯಲ್ಲಿ ಸತ್ತಿದ್ದರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಾಯಿ–ತಂದೆಯರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟಿನಲ್ಲಿ ಭಾನುವಾರಗಳಂದು ಕಾರು ನಿಷೇಧವಾದಾಗ ಜನರಿಗೆ ತಮ್ಮ ಬೀದಿ ಹೇಗಿದೆಯೆಂದು ಕಂಡಿತು. ಅಲ್ಲಿಂದ ಆ ದೇಶದ ರಸ್ತೆಗಳ ಸ್ವರೂಪವೇ ಬದಲಾಯಿತು. ಅಷ್ಟು ದೂರವೇಕೆ, ನೆರೆಯ ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ ಇಂದಿಗೂ ಪ್ರವಾಸಿಗರ ಕಾರುಗಳು ಊರ ಹೊರಗೇ ನಿಲ್ಲುತ್ತವೆ.

ನಮಗೆ ಅಷ್ಟೆಲ್ಲ ಬೇಡ. ಕಬ್ಬು ಹೊತ್ತ ಟ್ರ್ಯಾಕ್ಟರಿನ ಟ್ರೇಲರುಗಳಿಗೆ ಹಿಂದೆ ಪ್ರತಿಫಲಕ ಪಟ್ಟಿ, ಶಾಲೆ ಇರುವಲ್ಲಿ ವೇಗಕ್ಕೆ ಕಡಿವಾಣ, ಮುಖ್ಯ ರಸ್ತೆಯ ಬದಿಯಲ್ಲಿ ನಡೆಯಲು ಎರಡಡಿ ಜಾಗ, ರೈಲು ಬರುವ ಹೊತ್ತಿಗೆ ಇಂಡಿ ರೋಡ್ ಮತ್ತು ಬಾಗೇವಾಡಿ ರೋಡ್ ನಿಲ್ದಾಣಗಳಿಂದ ಊರಿಗೆ ಒಂದು ಬಸ್ಸು, ಕಾಲೇಜು ಬಿಟ್ಟ ಮೇಲೆ ಹಳ್ಳಿಗೊಂದು ಬಸ್ಸು. ಕೋವಿಡ್ ಕಾಲದಲ್ಲಿ ನಿಂತ ಎಂಟನೆಯ ತರಗತಿಯ ಸೈಕಲ್ ಯೋಜನೆಯಂಥದ್ದು ಮತ್ತೆ ಎಲ್ಲ ಮಕ್ಕಳ ಕೈಸೇರಬೇಕು. ಅದಕ್ಕೂ ಮೊದಲು ಸೈಕಲ್ ತುಳಿಯುವ ಮಗು ಜೀವಂತ ಮನೆ ಸೇರುವ ರಸ್ತೆ ಆಗಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸುಗಳು ಹೆಣ್ಣುಮಕ್ಕಳಿಂದ ತುಂಬಿವೆ. ನೂಕುನುಗ್ಗಲಿನ ಬಗ್ಗೆ ಚಹದಂಗಡಿಯಲ್ಲಿ ಗೊಣಗುವವರಿದ್ದಾರೆ. ನನಗಾದರೋ, ಬಸ್ಸಿಗೆ ಮತ್ತೆ ದನಿ ಬಂದಂತೆ ಕೇಳಿಸುತ್ತದೆ. ಬಸ್ಸು ಸಾಲದಿದ್ದರೆ ಇನ್ನೊಂದು ಬಸ್ಸು ಕೇಳಬೇಕೇ ಹೊರತು ಹತ್ತಿದವರನ್ನು ಇಳಿಯಿರಿ ಎನ್ನಬಾರದು.

ಕಳೆದ ಮಳೆಗಾಲದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಳದಿ ಬೋರ್ಡಿನ ಕ್ರೂಸರ್ ಒಂದು ನನ್ನ ಮುಂದೆ ನಿಂತಿತು. ಚಾಲಕ ಇಳಿದು ಬಂದ. ಬಲಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದ. ಮುಖ ಗುರುತು ಸಿಗುವ ಮೊದಲೇ ನನಗೆ ಆ ಕಾಲಿನ ಗುರುತು ಸಿಕ್ಕಿತು. ‘ಹತ್ರಿ ಸರ, ನಿಮ್ಮೂರ ಕಡೀಗೇ ಹೊಂಟೀನಿ’ ಎಂದ. ಬೇಡವೆನ್ನಲು ಆಗಲಿಲ್ಲ. ಮುಂದಿನ ಸೀಟಿನಲ್ಲಿ ಕುಳಿತೆ. ಮದುವೆಯಾಗಿದೆ, ಒಬ್ಬ ಮಗನಿದ್ದಾನೆ, ಗಾಡಿಯ ಸಾಲ ಇನ್ನೂ ಎರಡು ವರ್ಷವಿದೆ ಎಂದೆಲ್ಲ ಹೇಳುತ್ತ ಹೋದ. ಆ ಸಂಜೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ತಿರುವಿನ ಮುಂಚೆ, ರಸ್ತೆ ಪೂರ್ತಿ ಖಾಲಿಯಿದ್ದರೂ ಅವನು ವೇಗ ತಗ್ಗಿಸಿದ. ಏಕೆಂದು ನೋಡಿದೆ. ‘ಈ ಹೊತ್ತಿನ್ಯಾಗ ಇಲ್ಲಿ ಸಾಲಿ ಬಿಡ್ತೈತ್ರಿ ಸರ’ ಎಂದ. ತಿರುವು ದಾಟಿದಾಗ ನೀಲಿ ಸಮವಸ್ತ್ರದ ಮಕ್ಕಳ ಸಾಲು ರಸ್ತೆಯಂಚಿನಲ್ಲಿ ನಡೆದು ಬರುತ್ತಿತ್ತು.

ಗಾಡಿ ಓಡಿಸುವವನಿಗೆ ಅಷ್ಟು ಗೊತ್ತಿದ್ದರೆ ಸಾಕು. ಅದನ್ನು ತಿಳಿಯಲು ನನಗೆ ಕಾರು ಮಾರಬೇಕಾಯಿತು.